ಸದ್ದಿಲ್ಲದ ಪೈಪು

"ಹೊಸ ಪೈಪುಗಳಲ್ಲಿ ಸದ್ದು ಬರೋದು ಯಾವುದು?" ಎಂದು ಅವಳು ಕೇಳಿದಾಗ ಪೈಪ್ ಮಾಮ ಸಿಂಕಿನ ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಹೊಟ್ಟೆ ಮತ್ತು ಕಾಲುಗಳು ಮಾತ್ರ. ಹೊಟ್ಟೆ ಕುಲುಕಿ ಕುಲುಕಿ ನಕ್ಕಿತು.

"ಬರದೇ ಇರೋದು ಯಾವುದು ಅಂತ ಕೇಳಮ್ಮ. ಲೋಕವೆಲ್ಲ ಕೇಳೋದು ಅದನ್ನ."

ಬೀದಿಯವರೆಲ್ಲ ಅವನನ್ನು ಪೈಪ್ ಮಾಮ ಎಂದೇ ಕರೆಯುವುದು. ನಲ್ಲಿ ರಿಪೇರಿಗೆಂದು ಬಂದರೆ ನಲ್ಲಿಗಿಂತ ಹೆಚ್ಚು ಸುರಿಯುವುದು ಅವನ ಮಾತೇ. ಕೊಯ್ದ ಜಾಗಕ್ಕೆ ಸದ್ಯಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಅವನು ಉಸ್ಸೆಂದು ತೆವಳಿ ಹೊರಬಂದ. ಗರಗಸದಲ್ಲಿ ಕೊಯ್ದ ಹಳೇ ಕಬ್ಬಿಣದ ಪೈಪಿನ ಒಂದು ತುಂಡನ್ನು ಅವಳ ಮೂಗಿನ ಹತ್ತಿರ ಹಿಡಿದ.

"ಒಳಗಡೆ ನೋಡು. ಹೊರಗಿಂದ ಎಷ್ಟು ಗಟ್ಟಿಮುಟ್ಟಾಗಿದಾನೆ, ಒಳಗೆ ಬರೀ ತುಕ್ಕು. ಒಂದು ಪೆನ್ಸಿಲ್ ತೂರಿಸೋಕೂ ಜಾಗ ಇಲ್ಲ. ಇಷ್ಟರಲ್ಲಿ ಎರಡು ಮನೆಗೆ ನೀರು ಬರ್ತಿತ್ತು ಅನ್ನೋದೇ ದೊಡ್ಡದು. ನಿನ್ನ ಚಿಕ್ಕಮ್ಮನಿಗೆ ಅವತ್ತೇ ಹೇಳಿದ್ದೆ ಬದಲಾಯಿಸು ಅಂತ. ನಾನು ಹೋದ್ಮೇಲೆ ಬದಲಾಯಿಸ್ಕೊಳ್ಳಿ ಅಂದ್ಲು. ಹೋದ್ಲು, ಸರಿ. ನೀನು ಬದಲಾಯಿಸಿದ್ಯಾ?"

ಅವಳು ತುಂಡಿನೊಳಗೆ ಇಣುಕಿದಳು. ಕೆಂಪು ಗುಡ್ಡಗಳು ನಾಲ್ಕೂ ಕಡೆಯಿಂದ ಬೆಳೆದು, ನಡುವೆ ಒಂದು ಕಿಂಡಿ ಮಾತ್ರ ಉಳಿದಿತ್ತು. ಬೆಳಗಿನ ನೀರಿಗೆ ಟೀ ಬಣ್ಣ ಯಾಕೆ ಬರುತ್ತಿತ್ತು ಎಂಬುದು ಈಗ ಕಣ್ಣಿಗೇ ಕಂಡಿತು.

ಮಾಮ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಸ್ಯಾಂಪಲ್ ಇಟ್ಟ. ಒಂದು ಹೊಸ ಕಬ್ಬಿಣದ್ದು, ಒಂದು ತಾಮ್ರದ್ದು, ಒಂದು ಬಿಳಿ ಪ್ಲಾಸ್ಟಿಕ್ಕಿನದು.

"ಕಬ್ಬಿಣ ಬೇಕಾ, ಹಾಕ್ತೀನಿ. ಆದ್ರೆ ಇವನ ಗತಿಯೇ ಅವನಿಗೂ. ಕಾಪರ್ ಅಂದ್ರೆ ರಾಜ. ನಮ್ಮನ್ನೆಲ್ಲ ಸಾಗಿಸಿ ಆಮೇಲೂ ಇರ್ತಾನೆ. ಆದ್ರೆ ರಾಜನಿಗೆ ರಾಜೋಪಚಾರ, ಒಂದೊಂದು ಜಾಯಿಂಟಿಗೂ ಬೆಂಕಿ ಹಿಡಿದು ಬೆಸುಗೆ ಹಾಕಬೇಕು. ಈ ಪ್ಲಾಸ್ಟಿಕ್ ಇದಾನಲ್ಲ, ಹೇಳಿದ ಹಾಗೆ ಬಾಗ್ತಾನೆ. ಜಾಯಿಂಟ್ ಕಡಿಮೆ, ತುಕ್ಕಿನ ಮಾತೇ ಇಲ್ಲ."

"ಸದ್ದು?"

"ಕಬ್ಬಿಣ ಕೂಗತ್ತೆ, ಕಾಪರ್ ಗೊಣಗತ್ತೆ, ಪ್ಲಾಸ್ಟಿಕ್ ಬಾಯೇ ಬಿಡಲ್ಲ. ಪಕ್ಕದ ಮನೆಯವರು ಆನೆ ತಂದು ಸ್ನಾನ ಮಾಡಿಸಿದ್ರೂ ನಿನಗೆ ಗೊತ್ತಾಗಲ್ಲ. ಸಾಕಾ?"

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಬಿಳಿ ಪೈಪನ್ನು ಕೈಗೆತ್ತಿಕೊಂಡು ಬೆರಳಿನಿಂದ ಒಮ್ಮೆ ತಟ್ಟಿದಳು. ಏನೂ ಕೇಳಿಸಲಿಲ್ಲ. ದಿಂಬನ್ನು ತಟ್ಟಿದ ಹಾಗಾಯಿತು.

ಆ ಮನೆಯ ಕಥೆ ಇಷ್ಟೇ. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರು ಮುಖ ಮುರಿದುಕೊಂಡು ನಟ್ಟನಡುವೆ ಗೋಡೆ ಎಬ್ಬಿಸಿದರು. ಬಾಗಿಲು ಎರಡು ಮಾಡಿದರು, ಮೆಟ್ಟಿಲು ಎರಡು ಮಾಡಿದರು, ಗೇಟು ಎರಡು ಮಾಡಿದರು. ನೀರಿನ ಪೈಪನ್ನು ಎರಡು ಮಾಡುವಷ್ಟರಲ್ಲಿ ಸಿಟ್ಟು ಇಳಿದಿತ್ತೋ ಏನೋ, ಅದೊಂದು ಹಾಗೇ ಉಳಿಯಿತು. ರಸ್ತೆಯಿಂದ ಬಂದ ಲೈನು ಅವಳ ಅಡುಗೆಮನೆಯ ಗೋಡೆ ಹತ್ತಿ, ಅಲ್ಲಿಂದ ಗೋಡೆ ತೂರಿ ಆಚೆ ಮನೆಯ ಅಡುಗೆಮನೆಗೆ ಹೋಗುತ್ತಿತ್ತು. ಆಚೆ ಯಾರಾದರೂ ನಲ್ಲಿ ತಿರುಗಿಸಿದರೆ ಈಚೆ ಗೋಡೆ ಡಬ್ಬೆನ್ನುತ್ತಿತ್ತು.

ಈಚೆ ಮನೆ ಅವಳ ಚಿಕ್ಕಮ್ಮನದು. ಚಿಕ್ಕಮ್ಮನನ್ನು ನೋಡಿಕೊಳ್ಳಲು ಬಂದವಳು, ಚಿಕ್ಕಮ್ಮ ಹೋದ ಮೇಲೆ ಅಲ್ಲೇ ಉಳಿದಳು. ಬೀದಿಗೆ ಅವಳು ಟೈಪಿಂಗ್ ಮೇಡಂ. ಆಸ್ಪತ್ರೆಗಳ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಇವಳು ಹೆಡ್‌ಫೋನ್ ಹಾಕಿಕೊಂಡು ಅದನ್ನೆಲ್ಲ ಟೈಪ್ ಮಾಡುತ್ತಾಳೆ. ದಿನವಿಡೀ ಕಿವಿಯಲ್ಲಿ ಯಾರ್ಯಾರದೋ ದನಿ. ಒಂದು ದನಿಯೂ ಇವಳ ಜೊತೆ ಮಾತಾಡುವುದಲ್ಲ. ಐವತ್ತರ ಅಂಚಿಗೆ ಬಂದಿದ್ದಳು. ಸಂಜೆ ಹೆಡ್‌ಫೋನ್ ತೆಗೆದರೆ ಮನೆ ಬಾವಿಯ ಹಾಗೆ ತೆರೆದುಕೊಳ್ಳುತ್ತಿತ್ತು.

ಆಚೆ ಮನೆಯವರು ಕನ್ನಡಕದವರು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅವರೂ ಒಬ್ಬರೇ. ತಾಯಿಯ ಜೊತೆ ಬಂದಿದ್ದರು, ಆಕೆ ತೀರಿಕೊಂಡ ಮೇಲೆ ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ. ಗೇಟಿನ ಹತ್ತಿರ ಸಿಕ್ಕರೆ "ಇವತ್ತು ಸೆಕೆ ಜಾಸ್ತಿ" ಎನ್ನುತ್ತಿದ್ದರು. ಸೆಕೆ ಇಲ್ಲದಿದ್ದರೆ "ಇವತ್ತು ಪರವಾಗಿಲ್ಲ" ಎನ್ನುತ್ತಿದ್ದರು. ಅಷ್ಟೇ ಬಾಯಿಮಾತಿನ ಪರಿಚಯ.

ಆದರೆ ಪೈಪಿನ ಪರಿಚಯ ಬೇರೆ.

ಬೆಳಗ್ಗೆ ಮೊದಲ ಡಬ್ ಬಂದರೆ ಅವರು ಎದ್ದರು ಎಂದು ಅರ್ಥ. ಆಮೇಲೆ ಉದ್ದಕ್ಕೆ ಗುಂಯ್ ಎಂದರೆ ಬಕೆಟ್ಟು. ಬಿಟ್ಟು ಬಿಟ್ಟು ಟಿಕ್ ಟಿಕ್ ಎಂದರೆ ಗಡ್ಡ. ಗಡ್ಡ ಮುಗಿದ ಮೇಲೆ ಒಂದು ಸಣ್ಣ ಸದ್ದು, ಅದು ಲೋಟ ತೊಳೆಯುವುದು. ಅವಳು ತನಗೇ ಗೊತ್ತಿಲ್ಲದ ಹಾಗೆ ಆ ಸದ್ದುಗಳಿಗೆ ದಿನವನ್ನು ಕಟ್ಟಿಕೊಂಡಿದ್ದಳು. ಅವರ ಬಕೆಟ್ಟಿಗೆ ಇವಳ ಹಾಲು ಒಲೆಗೆ, ಅವರ ಗಡ್ಡಕ್ಕೆ ಇವಳ ಟೀ. ಒಂದೇ ಮನೆಯಲ್ಲಿದ್ದಾರೆ, ಮಾತಾಡುತ್ತಿಲ್ಲ ಅಷ್ಟೇ, ಎನ್ನುವ ಹಾಗೆ. ಯಾರಿಗಾದರೂ ಹೇಳಿದರೆ ತಲೆ ಸರಿಯಿಲ್ಲ ಅಂದಾರು. ಹೇಳಲು ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಆ ಡಬ್ ಬರಲಿಲ್ಲ.

ಹಾಲು ಉಕ್ಕಿತು, ಟೀ ಆರಿತು, ಬಿಸಿಲು ಕಿಟಕಿಯಿಂದ ನೆಲಕ್ಕಿಳಿಯಿತು. ಗೋಡೆ ಸುಮ್ಮನಿತ್ತು. ಅವಳು ಒಂದಕ್ಷರ ಟೈಪ್ ಮಾಡಲಾಗದೆ ಅಡುಗೆಮನೆಯಲ್ಲೇ ನಿಂತಳು. ಹೋಗಿ ಬಾಗಿಲು ತಟ್ಟಲೇ ಎಂದರೆ ಏನೆಂದು ಹೇಳುವುದು. ನಿಮ್ಮ ಬಕೆಟ್ಟು ತುಂಬಲಿಲ್ಲ, ಅದಕ್ಕೆ ಬಂದೆ ಎನ್ನುವುದೇ. ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಗೋಡೆ ನಡುಗುವಂತೆ ಡಬ್ಬೆಂದಿತು. ಬದುಕಿದ್ದಾರೆ. ಅವಳ ಕೈಯಲ್ಲಿ ಸಾರು ಬಡಿಸುವ ದೊಡ್ಡ ಸ್ಪೂನಿತ್ತು. ಖುಷಿಗೆ ಏನು ಮಾಡಬೇಕೋ ತಿಳಿಯದೆ ಅದರಲ್ಲಿ ಪೈಪನ್ನು ಟಣ್ ಟಣ್ ಟಣ್ ಎಂದು ಬಡಿದುಬಿಟ್ಟಳು.

ಆಚೆ ನಲ್ಲಿ ತಟ್ಟನೆ ನಿಂತಿತು.

ಅವತ್ತಿನಿಂದ ಅವರು ನೀರನ್ನು ದಾರದಷ್ಟು ಸಣ್ಣಗೆ ಬಿಡತೊಡಗಿದರು. ಡಬ್ ಹೋಯಿತು, ಗುಂಯ್ ಹೋಯಿತು. ಕಿವಿಯನ್ನು ಗೋಡೆಗೆ ಹಚ್ಚಿದರೆ ಮಾತ್ರ ಸರ್ ಎನ್ನುವ ಒಂದು ಎಳೆ. ಹೆಂಗಸು ಕದ್ದು ಕೇಳುತ್ತಾಳೆ ಎಂದು ಗೊತ್ತಾಗಿದೆ, ಅದಕ್ಕೇ ಬಚ್ಚಿಟ್ಟುಕೊಂಡರು ಎಂದು ಅವಳು ನಾಚಿಕೆಯಿಂದ ಕುಗ್ಗಿಹೋದಳು. ಗೇಟಿನ ಹತ್ತಿರ ಅವರು ಕಂಡರೆ ಒಳಗೇ ನಿಂತು, ಅವರು ಹೋದ ಮೇಲೆ ಹೊರಡುತ್ತಿದ್ದಳು.

ಆದರೂ ಆ ಎಳೆಯನ್ನು ಕೇಳುವುದನ್ನು ಬಿಟ್ಟಿರಲಿಲ್ಲ. ಈಗ ಅದೂ ಹೋಗುವುದರಲ್ಲಿತ್ತು.

"ಎರಡೂ ಮನೆಗೆ ಒಂದೇ ಲೈನು. ಇಬ್ರೂ ಒಂದು ಮಾತಿಗೆ ಬನ್ನಿ," ಎಂದು ಮಾಮ ಭಾನುವಾರ ಬೆಳಗ್ಗೆ ಇಬ್ಬರನ್ನೂ ಹೊರಗೆ ಕರೆದ. ಎರಡು ಮೆಟ್ಟಿಲುಗಳ ನಡುವಿನ ಮೋಟುಗೋಡೆಯ ಮೇಲೆ ಮೂರು ತುಂಡುಗಳನ್ನು ಜೋಡಿಸಿದ. ಈಚೆ ಮೆಟ್ಟಿಲ ಮೇಲೆ ಅವಳು, ಆಚೆ ಮೆಟ್ಟಿಲ ಮೇಲೆ ಕನ್ನಡಕದವರು. ನಡುವೆ ಮಾಮ, ಪಂಚಾಯ್ತಿಗೆ ಕೂತವನ ಹಾಗೆ.

ಕನ್ನಡಕದವರು ತೆಳ್ಳಗೆ ಉದ್ದಕ್ಕೆ ಇದ್ದರು. ಜೇಬಿನಲ್ಲಿ ಸದಾ ಗಾಜು ಒರೆಸುವ ಬಟ್ಟೆ. ತಾಮ್ರದ ತುಂಡನ್ನೂ ಎತ್ತಿಕೊಂಡು ಸುಮ್ಮನೆ ಒರೆಸತೊಡಗಿದರು. ಅದು ಅವರ ಕೈಯಲ್ಲಿ ಹೊಳೆಯಿತು. ಆ ಬೆರಳುಗಳು ಎಷ್ಟು ನಿಧಾನ ಎಂದು ಅವಳು ನೋಡುತ್ತ ನಿಂತಳು. ಅವರು ತಲೆಯೆತ್ತಿದರು. ಅವಳು ಕಬ್ಬಿಣದ ತುಂಡನ್ನು ನೋಡಿದಳು.

"ನನ್ನದೇನಿಲ್ಲ. ಮೇಡಂಗೆ ಯಾವುದು ಅನುಕೂಲವೋ ಅದು," ಎಂದರು.

"ನನಗೆ ಕಾಪರ್ ಆಗಬಹುದು ಅನಿಸತ್ತೆ." ಗೊಣಗುವುದಾದರೂ ಗೊಣಗುತ್ತದಲ್ಲ ಎಂಬುದು ಅವಳ ಲೆಕ್ಕ.

ಅವರ ಕೈ ನಿಂತಿತು. "ಕಾಪರಲ್ಲೂ ಸದ್ದು ಬರತ್ತೆ ಅಂತಾರಲ್ಲ ಮಾಮ?"

"ಬರತ್ತೆ, ಕಬ್ಬಿಣದಷ್ಟಲ್ಲ."

"ಹಾಗಿದ್ರೆ ಪ್ಲಾಸ್ಟಿಕ್ಕೇ ಒಳ್ಳೇದು. ಒಂದು ಮನೆ ಸದ್ದು ಇನ್ನೊಂದು ಮನೆಗೆ ಯಾಕೆ ಕೇಳಿಸಬೇಕು."

ಮೆತ್ತಗೆ ಹೇಳಿದ ಮಾತೇ. ಆದರೆ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಅದೇ ಮತ್ತೆ. ಯಾಕೆ ಕೇಳಿಸಬೇಕು. ಪ್ಲಾಸ್ಟಿಕ್ಕೇ ಹಾಕಿ ಮಾಮ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇಷ್ಟು ಬೇಗ ಒಪ್ಪಿದ ಎರಡು ಮನೆ ನಾನು ನೋಡೇ ಇಲ್ಲ ಸ್ವಾಮಿ," ಎಂದು ಹೊರಗೆ ಮಾಮ ಹೇಳುತ್ತಿದ್ದದ್ದು ಕೇಳಿಸಿತು.

ಆ ಸಂಜೆ ಅಕ್ಕ ಫೋನ್ ಮಾಡಿದಳು. ಅಕ್ಕ ದೂರದಲ್ಲಿದ್ದಳು, ತುಂಬಿದ ಸಂಸಾರದವಳು, ತಂಗಿಯ ಜೊತೆ ಮಾತಾಡುತ್ತಲೇ ಮನೆಯಲ್ಲಿ ಇನ್ಯಾರನ್ನೋ ಗದರುತ್ತಿರುವವಳು.

"ಹೊಸ ಪೈಪ್ ಹಾಕಿಸ್ತಿದ್ದೀಯ, ಒಳ್ಳೇ ನೀರು ಬರತ್ತೆ. ಅದಕ್ಯಾಕೆ ಹೆಣ ಎತ್ತಿದ ಮನೆಯವರ ಥರ ಮಾತಾಡ್ತೀಯ?"

"ಏನಿಲ್ಲಕ್ಕ. ಧೂಳು."

"ಗೋಡೆ ಇನ್ನೂ ಒಡೆದೇ ಇಲ್ಲ ಅಂದೆ. ಧೂಳು ಎಲ್ಲಿಂದ ಬಂತೆ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಅಕ್ಕ ಅಪರೂಪಕ್ಕೆ ದನಿ ತಗ್ಗಿಸಿದಳು. "ಏನೇ ಇದ್ರೂ ಯಾರಿಗಾದ್ರೂ ಬಾಯಿ ಬಿಟ್ಟು ಹೇಳು. ಚಿಕ್ಕಂದಿನಿಂದ ಇದೇ ಆಯ್ತು ನಿಂದು, ಹಸಿವಾದ್ರೂ ತಟ್ಟೆ ಕುಟ್ಟೋದು, ಬಾಯಲ್ಲಿ ಕೇಳ್ತಿರಲಿಲ್ಲ," ಎಂದಳು. ಅಷ್ಟರಲ್ಲಿ ಅವಳ ಮನೆಯಲ್ಲಿ ಏನೋ ಬಿದ್ದು, ಫೋನು ಇಟ್ಟಳು.

ಕೆಲಸದ ದಿನ ಮಾಮ ರಸ್ತೆ ಕಡೆಯ ವಾಲ್ವ್ ಮುಚ್ಚಿದ. ಸುತ್ತಿಗೆ, ಉಳಿ ಹಿಡಿದು ಗೋಡೆ ಸೀಳಿದ. ಹಳೇ ಪೈಪನ್ನು ತುಂಡು ತುಂಡಾಗಿ ಎಳೆದು ಅಂಗಳಕ್ಕೆ ಎಸೆದ. ಕೊನೆಗೆ ಆಚೆ ಮನೆಗೆ ಹೋಗುವ ತುಂಡು ಗೋಡೆಯನ್ನು ಕಚ್ಚಿಕೊಂಡು ಬರಲೊಲ್ಲದೆ ನಿಂತಿತು. ಮಾಮ ಅದರ ಸುತ್ತ ಕುಟ್ಟಿದ, ಬೈದ, ಮತ್ತೆ ಕುಟ್ಟಿದ. ಅದು ಬಂದಾಗ ಜೊತೆಗೆ ಎರಡು ಇಟ್ಟಿಗೆಯೂ ಬಂತು. ಗೋಡೆಯಲ್ಲಿ ತಟ್ಟೆಯಷ್ಟು ದೊಡ್ಡ ತೂತು ಬಿತ್ತು. ಆಚೆಯಿಂದ ಒಂದು ಕೋಲು ಬೆಳಕು ಬಂದು ಅವಳ ಸಿಂಕಿನ ಮೇಲೆ ಬಿತ್ತು.

ಈಗ ಮಾಮನ ಒಂದು ಗುಣ ಹೇಳಬೇಕು. ಅವನು ಯಾವ ಮನೆಗೆ ಹೋದರೂ ಒಂದು ಸಾಮಾನು ಮರೆತೇ ಹೋಗುತ್ತಾನೆ. ಇಲ್ಲಿ ರಸ್ತೆಯ ಹಳೇ ಕಬ್ಬಿಣಕ್ಕೂ ಹೊಸ ಪೈಪಿಗೂ ನಡುವೆ ಕೂರಿಸುವ ಹಿತ್ತಾಳೆಯ ಜಾಯಿಂಟು ಬೇಕಿತ್ತು. ಅವನು ತಂದದ್ದು ಬೇರೆ ಅಳತೆಯದು.

"ಅರ್ಧ ಗಂಟೆಯಲ್ಲಿ ಬಂದೆ," ಎಂದು ಹೊರಟ. ಮಾಮನ ಅರ್ಧ ಗಂಟೆ ಎಂದರೆ ಅಂಗಡಿಯವನ ಮಗಳ ಮದುವೆ ಮಾತುಕತೆಯಿಂದ ಹಿಡಿದು ದಾರಿಯಲ್ಲಿ ಸಿಕ್ಕವರ ಮಂಡಿನೋವಿನವರೆಗೆ ಎಲ್ಲ ಮುಗಿಯಬೇಕು ಎಂದು ಬೀದಿಗೇ ಗೊತ್ತು.

ನೀರಿಲ್ಲ. ಎರಡು ಮನೆಯಲ್ಲೂ ಒಂದು ಸದ್ದಿಲ್ಲ. ಅವಳು ತೂತಿನ ಕಡೆ ನೋಡಬಾರದೆಂದು ಧೂಳು ಗುಡಿಸಿದಳು. ಗುಡಿಸಿದಲ್ಲೇ ಮತ್ತೆ ಗುಡಿಸಿದಳು. ಆಮೇಲೆ ನೋಡಿದಳು. ಆಚೆ ಒಂದು ನೀಲಿ ಟವೆಲ್ಲು, ಬೋರಲು ಹಾಕಿದ ಒಂದೇ ಒಂದು ಲೋಟ. ಸಣ್ಣ ಸದ್ದು ಮಾಡುತ್ತಿದ್ದ ಲೋಟ ಇದೇ ಇರಬೇಕು. ಅಷ್ಟರಲ್ಲಿ ಆ ಲೋಟವನ್ನು ಒಂದು ಕೈ ಎತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಹಬೆಯಾಡುತ್ತ ತೂತಿನ ಅಂಚಿಗೆ ಬಂದು ಕೂತಿತು.

"ಫ್ಲಾಸ್ಕಿನಲ್ಲಿತ್ತು. ನಿಮಗೂ ನೀರಿಲ್ಲವಲ್ಲ," ಎಂದಿತು ದನಿ.

"ನೀವಿವತ್ತು ಅಂಗಡಿಗೆ ಹೋಗಲಿಲ್ವಾ?"

"ಗೋಡೆ ಒಡೀತಾರೆ ಅಂತ ರಜೆ ಹಾಕಿದೆ."

"ಗೋಡೆ ಒಡೆಯೋದಕ್ಕೆ ನೀವ್ಯಾಕೆ ಬೇಕು?"

"ಅದನ್ನೇ ಅಂಗಡಿಯವರೂ ಕೇಳಿದ್ರು."

ಅವಳು ಟೀಗಾಗಿ ಬಗ್ಗಿದಳು. ಅವರೂ ಅದೇ ಹೊತ್ತಿಗೆ ಬಗ್ಗಿದರು. ತೂತಿನಲ್ಲಿ ಪೂರ್ತಿ ಮುಖಕ್ಕೆ ಜಾಗವಿರಲಿಲ್ಲ. ಒಂದು ಕಣ್ಣು, ಅರ್ಧ ಮೂಗು, ಸುಣ್ಣದ ಪುಡಿ ಬಿದ್ದು ಬೆಳ್ಳಗಾದ ಒಂದು ಹುಬ್ಬು. ಆ ಕಣ್ಣು ಅವಳ ಮುಖದ ಎಡಗಡೆ ಏನನ್ನೋ ಹುಡುಕಿ, ಮುಟ್ಟಿ, ನಾಚಿಕೊಂಡು ಕೆಳಗಿಳಿಯಿತು. ಮತ್ತೆ ತಡೆಯಲಾರದೆ ಮೇಲೆ ಬಂತು.

"ಏನು?" ಎಂದಳು.

"ನಿಮ್ಮ ಕನ್ನಡಕ ಎಡಗಡೆ ಇಳಿದಿದೆ."

"ಇವತ್ತಾ?"

"ತುಂಬಾ ದಿನದಿಂದ. ಗೇಟ್ ಹತ್ತಿರ ನೋಡಿದಾಗೆಲ್ಲ ಕೈ ಜುಮ್ಮೆನ್ನತ್ತೆ."

"ಹೇಳಬಹುದಿತ್ತಲ್ಲ."

"ನಿಮ್ಮ ಮುಖ ಸೊಟ್ಟಗಿದೆ ಅಂತ ಹೇಳೋಕಾಗತ್ತಾ."

"ಮುಖ ಅಲ್ವಲ್ಲ, ಕನ್ನಡಕ."

"ಅದನ್ನ ಬಿಡಿಸಿ ಹೇಳೋಷ್ಟರಲ್ಲಿ ನೀವು ಗೇಟ್ ಹಾಕ್ಕೊಂಡು ಹೋಗಿರ್ತೀರಿ. ಇತ್ತೀಚೆಗಂತೂ ಬರೋದೇ ಇಲ್ಲ." ಕೈಯೊಂದು ತೂತಿನೊಳಗೆ ಚಾಚಿ ಬಂತು. "ಕೊಡಿ. ಸಣ್ಣ ಸ್ಕ್ರೂ ಡ್ರೈವರ್ ಇಲ್ಲೇ ಇದೆ."

ಅವಳು ಕನ್ನಡಕ ತೆಗೆದು ಆ ಅಂಗೈಯಲ್ಲಿಟ್ಟಳು. ಬೆರಳಿಗೆ ಬೆರಳು ತಾಕಲಿಲ್ಲ. ತಾಕದಂತೆ ಇಬ್ಬರೂ ಎಷ್ಟು ಜಾಗ್ರತೆ ಮಾಡಿದರೆಂದರೆ, ತಾಕಿದ್ದರೂ ಇಷ್ಟು ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಕನ್ನಡಕವಿಲ್ಲದೆ ಅವಳಿಗೆ ಲೋಕ ಹತ್ತಿಯ ಮುದ್ದೆ. ತೂತು ಒಂದು ಮಸುಕಾದ ದೀಪವಾಯಿತು. ಆಚೆ ಅವರ ಬದಲು ಒಂದು ಬಣ್ಣ ಮಾತ್ರ ಅಲ್ಲಾಡುತ್ತಿತ್ತು. ಅವರ ಕಣ್ಣು ಕಾಣದೇ ಇದ್ದಾಗ ಎಲ್ಲಿಂದಲೋ ಒಂದು ಧೈರ್ಯ ಬಂತು.

"ಒಂದು ಮಾತು ಕೇಳ್ಲಾ?"

"ಕೇಳಿ."

"ನೀವು ನೀರು ಯಾಕೆ ಅಷ್ಟು ಸಣ್ಣಗೆ ಬಿಡ್ತೀರಿ?"

ಸ್ಕ್ರೂ ತಿರುಗುತ್ತಿದ್ದ ಕಿರಕಿರ ಸದ್ದು ನಿಂತಿತು.

"ನೀವೇ ಬಡಿದ್ರಲ್ಲ," ಎಂದರು. "ಚಳಿಗಾಲದಲ್ಲಿ. ನನಗೆ ಜ್ವರ ಬಂದು ಮಲಗಿದ್ದೆ. ಮಧ್ಯಾಹ್ನ ಎದ್ದು ನಲ್ಲಿ ಜೋರಾಗಿ ತಿರುಗಿಸಿಬಿಟ್ಟೆ. ಡಬ್ ಅಂತು. ತಕ್ಷಣ ನೀವು ಪೈಪಿಗೆ ಬಡಿದ್ರಿ, ಮೂರು ಸಲ. ಅಯ್ಯೋ, ಇಷ್ಟು ದಿನದಿಂದ ಪಾಪ ಸಹಿಸಿಕೊಂಡಿದ್ರೇನೋ, ಕೆಲಸ ಮಾಡೋರಿಗೆ ಎಷ್ಟು ತೊಂದರೆ ಆಗಿರಬೇಕು ಅನಿಸ್ತು. ಅವತ್ತಿನಿಂದ ಒಂದು ಬಕೆಟ್ ತುಂಬೋಷ್ಟರಲ್ಲಿ ಪೇಪರ್ ಪೂರ್ತಿ ಓದಿ ಮುಗಿಸ್ತೀನಿ. ಜಾಹೀರಾತೂ ಬಿಡಲ್ಲ."

ಅವಳು ಸಿಂಕಿನ ಅಂಚನ್ನು ಹಿಡಿದುಕೊಂಡಳು.

"ನಾನು ಬೈದದ್ದಲ್ಲ," ಎಂದಳು. "ಬೆಳಗ್ಗಿನಿಂದ ಸದ್ದಿರಲಿಲ್ಲ. ನೀವು... ಏನೋ ಆಗಿಹೋಯ್ತು ಅಂದುಕೊಂಡಿದ್ದೆ. ಇಲ್ಲೇ ನಿಂತಿದ್ದೆ, ಇದೇ ಜಾಗದಲ್ಲಿ. ಸದ್ದು ಬಂತಲ್ಲ, ಬದುಕಿದ್ದಾರೆ ಅನ್ನೋ ಖುಷಿಗೆ ಏನು ಮಾಡಬೇಕು ಗೊತ್ತಾಗಲಿಲ್ಲ. ಕೈಯಲ್ಲಿ ಸ್ಪೂನಿತ್ತು. ಬಡಿದೆ."

ಆಚೆಯ ಬಣ್ಣ ಅಲ್ಲಾಡಲಿಲ್ಲ.

"ಖುಷಿಗೆ?" ಎಂದಿತು ಕೊನೆಗೆ.

"ಹೂಂ."

"ನಾನು ಅವತ್ತು ಲೋಟದಲ್ಲಿ ನೀರು ಹಿಡಿದು, ಒದ್ದೆ ಬಟ್ಟೆ ತಲೆಗೆ ಹಾಕ್ಕೊಂಡು ಮಲಗಿದೆ. ಒಬ್ಬರೂ ಕೇಳೋರಿಲ್ಲ ಅಂತ ಬೇಜಾರಾಗಿತ್ತು ನನಗೆ." ಅವರು ನಕ್ಕರು. ನಗು ನೆಟ್ಟಗೆ ಬರಲಿಲ್ಲ. "ಗೋಡೆ ಆಚೆ ಒಬ್ಬರು ಕೇಳ್ತಾನೇ ನಿಂತಿದ್ರಾ."

ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಟೀ ಆರುತ್ತಿತ್ತು.

"ನಾನೂ ಒಂದು ಹೇಳಿಬಿಡ್ತೀನಿ," ಎಂದರು. "ನೀವು ಟೈಪ್ ಮಾಡ್ತಾ ಬಾಯಲ್ಲಿ ಹೇಳ್ಕೋತೀರಲ್ಲ, ಗೊತ್ತಾ ನಿಮಗೆ?"

"ನಾನಾ? ಇಲ್ಲ."

"ಹೇಳ್ಕೋತೀರಿ. ಸಂಜೆ ನಾನು ಬಂದಾಗ ನೀವು ಅಡುಗೆಮನೆಯಲ್ಲೇ ಕೂತು ಕೆಲಸ ಮಾಡ್ತಿರ್ತೀರಿ. ಪೈಪಿನ ಸಂದಿಯಿಂದ ಎಲ್ಲಾ ಬರತ್ತೆ. ಲಿವರ್ ನಾರ್ಮಲ್, ಕಿಡ್ನಿ ಎರಡೂ ನಾರ್ಮಲ್. ಯಾರದೋ ಕಿಡ್ನಿ ನನಗೇನಾಗಬೇಕು ಹೇಳಿ. ಆದ್ರೂ ಆ ನಾರ್ಮಲ್ ಅನ್ನೋದು ಕೇಳಿದ್ರೆ ಅವತ್ತಿನ ದಿನ ಸರಿಹೋಯ್ತು ಅನಿಸ್ತಿತ್ತು. ಒಂದು ಸಲ ಯಾರದೋ ಎದೆಯ ಫೋಟೋ ಸರಿಯಿರಲಿಲ್ಲ. ನಿಮ್ಮ ದನಿ ಸಣ್ಣಗಾಯ್ತು. ನನಗೆ ಅನ್ನ ಸೇರಲಿಲ್ಲ."

"ಮತ್ತೆ ಪ್ಲಾಸ್ಟಿಕ್ಕೇ ಬೇಕು ಅಂತ ಯಾಕೆ ಹೇಳಿದ್ರಿ?"

"ನಿಮಗೆ ನನ್ನ ಕಾಟ ತಪ್ಪಲಿ ಅಂತ. ನೀವು ಯಾಕೆ ಒಪ್ಪಿದ್ರಿ?"

"ನಿಮಗೆ ನನ್ನ ಕಾಟ ತಪ್ಪಲಿ ಅಂತ."

ಆಮೇಲೆ ಅವರ ಕೈ ತೂತಿನಲ್ಲಿ ಬಂತು, ಕನ್ನಡಕ ಹಿಡಿದುಕೊಂಡು. "ಆಯ್ತು. ಹಾಕ್ಕೊಂಡು ನೋಡಿ."

"ಇರಲಿ," ಎಂದಳು. "ಇನ್ನೊಂಚೂರು ಹೊತ್ತು ನಿಮ್ಮ ಹತ್ತಿರಾನೇ ಇರಲಿ."

ಕೈ ಹಾಗೇ ನಿಂತಿತು. ಅವಳು ಮಸುಕಿನಲ್ಲೇ ತಡಕಿ ಆ ಕೈಯನ್ನು, ಕನ್ನಡಕದ ಸಮೇತ, ಹಿಡಿದುಕೊಂಡಳು. ಗಾಜು ಉಜ್ಜಿ ಉಜ್ಜಿ ನುಣುಪಾದ ಬೆರಳು. ಯಾರನ್ನಾದರೂ ಹೀಗೆ ಮುಟ್ಟಿ ಎಷ್ಟು ಕಾಲವಾಯಿತೆಂದು ನೆನೆಯಲು ಹೋಗಿ, ಬೇಡವೆನಿಸಿ ಬಿಟ್ಟಳು.

"ಬಂದೆ ಬಂದೆ," ಎಂದು ಬೀದಿಯ ತುದಿಯಿಂದಲೇ ಮಾಮನ ಗಂಟಲು ಕೇಳಿಸಿತು. ಕೈಗಳು ಬೇರೆಯಾದವು. ಅವಳು ಕನ್ನಡಕ ಹಾಕಿಕೊಂಡಳು. ಲೋಕ ನೆಟ್ಟಗಾಗಿತ್ತು.

ಮಾಮ ಒಳಗೆ ಬಂದವನು ಆರಿದ ಟೀ ಲೋಟವನ್ನು ನೋಡಿದ, ತೂತನ್ನು ನೋಡಿದ, ಅವಳ ಮುಖ ನೋಡಿದ. ಹಿತ್ತಾಳೆ ಜಾಯಿಂಟನ್ನು ಕಟ್ಟೆಯ ಮೇಲೆ ಕುಕ್ಕಿದ.

"ಏನಾದ್ರೂ ಮನಸ್ಸು ಬದಲಾಯ್ಸೋದಿದ್ರೆ ಈಗಲೇ ಹೇಳಿಬಿಡಿ. ಗೋಡೆ ಮುಚ್ಚಿದ್ಮೇಲೆ ಕಾಪರ್ ಬೇಕಿತ್ತು, ಕಬ್ಬಿಣ ಬೇಕಿತ್ತು ಅಂದ್ರೆ ನಾನು ಈ ಬೀದಿಗೇ ಕಾಲಿಡಲ್ಲ. ಅಂಗಡಿಯವನು ಪ್ಲಾಸ್ಟಿಕ್ ವಾಪಸ್ ತಗೋತಾನೆ, ಕೇಳ್ಕೊಂಡೇ ಬಂದಿದ್ದೀನಿ. ಯಾಕೋ ಅವತ್ತು ಮೆಟ್ಟಿಲ ಮೇಲೆ ಇಬ್ರ ಮುಖಾನೂ ಸರಿಯಿರಲಿಲ್ಲ."

"ಕಾಪರ್ ಹಾಕಬಹುದಲ್ವಾ ಮೇಡಂ," ಎಂದರು ಆಚೆಯಿಂದ ಕನ್ನಡಕದವರು, ಬೇಗಬೇಗ. "ಸ್ವಲ್ಪ ಸದ್ದಿದ್ರೆ ಏನಂತೆ."

ಅವಳಿಗೂ ಬಾಯಿಗೆ ಅದೇ ಬಂದಿತ್ತು. ಅವರ ಬೆಳಗಿನ ಡಬ್ ಮತ್ತೆ ಬರುತ್ತದೆ. ಬಕೆಟ್ಟು, ಗಡ್ಡ, ಲೋಟ, ಎಲ್ಲವೂ. ಅವಳ ಟೀ, ಅವಳ ಹಾಲು. ಎಷ್ಟು ಹಾಯಾಗಿ ಕೂತು ಕೇಳುತ್ತಿರಬಹುದು. ಹಾಗೇ ಇನ್ನೂ ಎಷ್ಟೋ ವರ್ಷ, ಗೋಡೆಗೆ ಕಿವಿ ಕೊಟ್ಟು, ಹಾಯಾಗಿ. ಅದು ಕಣ್ಣಿಗೆ ಕಟ್ಟಿತು. ಮೈ ತಣ್ಣಗಾಯಿತು.

"ಪ್ಲಾಸ್ಟಿಕ್ಕೇ ಹಾಕಿ ಮಾಮ," ಎಂದಳು.

"ಆಯ್ತು," ಎಂದರು ಅವರು. ದನಿ ದಾರದಷ್ಟಾಗಿತ್ತು.

ಅವಳು ಮಾಮನಿದ್ದಾನೆ ಎನ್ನುವುದನ್ನೂ ನೋಡದೆ ತೂತಿಗೆ ಬಗ್ಗಿದಳು. "ಹಾಗಲ್ಲ. ಸದ್ದಿದ್ರೆ ನಾನು ಈ ಕಡೆನೇ ಕೂತಿರ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ಸದ್ದಲ್ಲೇ ಸಮಾಧಾನ ಮಾಡ್ಕೊಂಡುಬಿಡ್ತೀನಿ."

"ಸದ್ದಿಲ್ದೆ ಇದ್ರೆ?"

"ಎದ್ದು ಬರಬೇಕಾಗತ್ತೆ."

ಬೆಳ್ಳಗಾದ ಹುಬ್ಬು ಮೇಲೇರಿತು. "ನಾನೇ ಬಂದ್ರೆ ಆಗಲ್ವಾ?"

"ಬೇಡ. ಅವತ್ತು ಬಾಗಿಲು ಬಿಟ್ಟು ಪೈಪ್ ಬಡಿದವಳು ನಾನು. ನಾನೇ ಬರ್ತೀನಿ."

"ಬರ್ತೀರಾ?"

ಅದಕ್ಕೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ಹೇಳಿದ್ದೇ ಹೆಚ್ಚಾಗಿತ್ತು. ಮಾಮ ಕೆಮ್ಮಿದ, ಬಿಳಿ ಪೈಪನ್ನು ತೂತಿನಲ್ಲಿ ತೂರಿಸಿದ, ಜಾಯಿಂಟು ಬಿಗಿದ. ನೀರು ಬಿಟ್ಟು ನೋಡಿದ, ಒಂದು ಹನಿ ಸೋರಲಿಲ್ಲ. ಇಟ್ಟಿಗೆ ಕೂರಿಸಿ ಕರಣೆಯಲ್ಲಿ ಗಾರೆ ಎಳೆದ. ಮೊದಲು ನೀಲಿ ಟವೆಲ್ಲು ಹೋಯಿತು, ಆಮೇಲೆ ಹುಬ್ಬು, ಕಡೆಗೆ ಆ ಕೋಲು ಬೆಳಕು.

"ನಲವತ್ತು ಮನೆಗೆ ಹಾಕಿದ್ದೀನಿ ಈ ಪೈಪು," ಎಂದ ಮಾಮ ಕೈ ತೊಳೆಯುತ್ತ. "ಎಲ್ರೂ ನಿದ್ದೆ ಚೆನ್ನಾಗಿ ಬರಲಿ ಅಂತ ಹಾಕಿಸ್ಕೊಂಡ್ರು. ನೀನೊಬ್ಬಳು ಏಳೋದಕ್ಕೆ ಹಾಕಿಸ್ಕೊಂಡೆ ನೋಡು."

ಮರುದಿನ ಬೆಳಗ್ಗೆ ನೀರು ಗಾಜಿನಷ್ಟು ತಿಳಿಯಾಗಿ ಬಂತು. ಅವಳು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಒಂದು ಕಣ ಕೆಂಪಿಲ್ಲ. ಆಮೇಲೆ ಗೋಡೆಯ ಹತ್ತಿರ ನಿಂತಳು.

ಏನೂ ಇಲ್ಲ.

ಗಾರೆ ಇನ್ನೂ ಹಸಿಯಿತ್ತು, ಗೋಡೆಯ ಮೇಲೆ ಕಪ್ಪಗೆ ದುಂಡಗೆ ಕೂತಿತ್ತು. ಕಿವಿ ಹಚ್ಚಿದಳು. ಕೆನ್ನೆಗೆ ತಣ್ಣಗೆ ತಾಗಿತು, ಅಷ್ಟೇ. ಆ ಒಂದು ಎಳೆಯೂ ಇರಲಿಲ್ಲ. ಎದ್ದಿದ್ದಾರೋ ಇಲ್ಲವೋ, ಹೊರಟೇ ಹೋದರೋ, ನಿನ್ನೆಯ ಮಾತಿಗೆ ಮನಸ್ಸು ಹಿಂದೆಗೆದರೋ, ಹೇಳುವವರಿಲ್ಲ. ಮನೆ ಇಷ್ಟು ದೊಡ್ಡದು ಎಂದು ಅವಳಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತಳು. ಡಾಕ್ಟರೊಬ್ಬರು ಯಾರದೋ ಹೊಟ್ಟೆಯ ಬಗ್ಗೆ ಹೇಳುತ್ತ ಹೋದರು. ಅವಳು ಟೈಪ್ ಮಾಡಿದ್ದನ್ನು ನೋಡಿದರೆ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಅಳಿಸಿದಳು. ಹಾಲು ಇಟ್ಟಳು, ಯಾವ ಸದ್ದಿಗೆ ಇಡುವುದು ತಿಳಿಯದೆ ಆರಿಸಿದಳು. ಸ್ಪೂನು ಕೈಯಲ್ಲೇ ಉಳಿಯಿತು. ಈಗ ಬಡಿಯಲು ಪೈಪೂ ಇಲ್ಲ.

ಬರ್ತೀರಾ ಎಂದು ಕೇಳಿದ್ದರು. ಅವಳು ಉತ್ತರ ಕೊಟ್ಟಿರಲಿಲ್ಲ.

ಕನ್ನಡಿಯ ಮುಂದೆ ಒಂದು ಕ್ಷಣ ನಿಂತು, ಬಾಗಿಲು ತೆಗೆದು, ತನ್ನ ಮೆಟ್ಟಿಲಿಳಿದಳು. ತನ್ನ ಗೇಟು ದಾಟಿದಳು. ಮೋಟುಗೋಡೆಯ ಆಚೆ ಅವರ ಗೇಟು. ಹತ್ತು ಹೆಜ್ಜೆಯ ದಾರಿ. ಅದನ್ನು ನಡೆಯಲು ಇಷ್ಟು ವರ್ಷ ಬೇಕಾಯಿತೇ ಎಂದುಕೊಳ್ಳುತ್ತ ಅವರ ಬಾಗಿಲಿಗೆ ಬಂದು ಕೈಯೆತ್ತಿದಳು. ಬಡಿದದ್ದು ಟಣ್ ಎಂದಾಗಲೇ ತಿಳಿದದ್ದು, ಸ್ಪೂನು ಇನ್ನೂ ಕೈಯಲ್ಲೇ ಇದೆ ಎಂದು. ಬಡಿದ ಮೇಲೆ ನಿಲ್ಲಿಸುವುದು ಹೇಗೆ. ಟಣ್ ಟಣ್ ಎಂದು ಇನ್ನೆರಡು ಬಡಿದಳು.

ಬಾಗಿಲು ತೆರೆಯಿತು. ಕನ್ನಡಕದವರ ಒಂದು ಕೆನ್ನೆಯ ತುಂಬ ಸೋಪಿನ ನೊರೆ, ಕೈಯಲ್ಲಿ ಬ್ರಷ್ಷು.

"ಏನೂ ಕೇಳಿಸಲಿಲ್ಲ," ಎಂದಳು. "ಅದಕ್ಕೆ ಬಂದೆ."

"ನಲ್ಲಿ ಪೂರ್ತಿ ತಿರುಗಿಸಿದ್ದೆ. ಎರಡು ಸಲ ಸ್ನಾನ ಮಾಡಿದೆ. ಈ ಗಡ್ಡಾನೂ ಎರಡನೇ ಸಲ ಹೆರೀತಿದ್ದೀನಿ. ಮಾಮನ ಪೈಪು ಬಾಯಿ ಬಿಡಲೇ ಇಲ್ಲ." ಅವರ ಕಣ್ಣು ಅವಳ ಕೈಗೆ ಹೋಯಿತು. "ಬಾಗಿಲಿಗೆ ಸ್ಪೂನಲ್ಲಿ ಬಡೀತಾರಾ ಯಾರಾದ್ರೂ?"

"ಜೋರಾಯ್ತಾ?"

"ಇಲ್ಲ," ಎಂದರು. "ಈ ಸಲ ಸರಿಯಾಗಿ ಅರ್ಥ ಆಯ್ತು."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಹೊಸಿಲು ದಾಟುವಾಗ ಅವರ ಹುಬ್ಬು ಗಂಟಾಯಿತು, ಕಸುಬುದಾರರ ಹುಬ್ಬು.

"ನಿನ್ನೆ ಅಷ್ಟು ಬಿಗಿ ಮಾಡಿದ್ದೆ. ಕನ್ನಡಕ ಮತ್ತೆ ಎಡಗಡೆ ಇಳಿದಿದೆಯಲ್ಲ."

"ಗೊತ್ತು," ಎಂದಳು. "ಬರೋವಾಗ ನಾನೇ ಇಳಿಸ್ಕೊಂಡು ಬಂದೆ."